ಕೋಲಾರದ ಕಡೆ ಕುಡಿತ ಬಿಟ್ಟವರು ಸೇರುವ ಗುಂಪು ಎಲ್ಲಿದೆ?

ಮಂಡಿಲೆಕ್ಕ

ಎಲ್ಲರಿಗೂ ನಮಸ್ಕಾರ. ಕುಡಿತ ಬಿಟ್ಟವರು ವಾರಕ್ಕೊಮ್ಮೆಯಾದರೂ ಸೇರಿ ಮಾತಾಡುವ ಗುಂಪು ಕೋಲಾರದಲ್ಲಿ ಅಥವಾ ಸುತ್ತಮುತ್ತ ಇದೆಯಾ? ಇದ್ದರೆ ಯಾರನ್ನು ಕೇಳಬೇಕು?

ನಾನು ಟೊಮ್ಯಾಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವನು. ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿ ಬಿಡಿಸಿಕೊಂಡು ಬಂದಿದ್ದೇನೆ. ಕೈ ನಡುಕ ಹೋಗಿದೆ. ನಿದ್ದೆ ಬರುತ್ತಿದೆ, ಊಟ ಸೇರುತ್ತಿದೆ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಕೆಳಗೆ ‘ಸಪೋರ್ಟ್ ಗ್ರೂಪಿಗೆ ಹೋಗಿ’ ಅಂತ ಒಂದು ಸಾಲು ಬರೆದು ಕಳಿಸಿದರು. ಯಾವ ಗ್ರೂಪ್, ಎಲ್ಲಿ ಅಂತ ಕೇಳಿದರೆ ‘ವಿಚಾರಿಸಿ’ ಅಂದರು. ಯಾರನ್ನು ವಿಚಾರಿಸೋದು? ಬಾರ್ ಎಲ್ಲಿದೆ ಅಂದರೆ ಊರಲ್ಲಿ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಇದನ್ನು ಕೇಳಿದರೆ ಮೇಲಿಂದ ಕೆಳಗೆ ನೋಡುತ್ತಾರೆ.

ಬೆಳಗ್ಗೆ ಏನೂ ತೊಂದರೆ ಇಲ್ಲ. ಹರಾಜು, ಬಾಕ್ಸ್ ಎಣಿಕೆ, ಲಾರಿ ಲೋಡು, ಕತ್ತೆತ್ತಲು ಪುರುಸೊತ್ತಿಲ್ಲ. ಕಷ್ಟ ಇರೋದು ಸಂಜೆ ಆರರಿಂದ ಒಂಬತ್ತರವರೆಗೆ. ಹಮಾಲರಿಗೆ ಕೂಲಿ ಹಂಚಿ ಮುಗಿಸಿದ ಮೇಲೆ ಜೊತೆಯವರೆಲ್ಲ ಒಂದೇ ಕಡೆ ಹೊರಡುತ್ತಾರೆ. ನಾನು ಮನೆ ಕಡೆ ಹೊರಟರೆ ‘ಏನಪ್ಪ, ದೊಡ್ಡ ಮನುಷ್ಯ ಆಗ್ಬಿಟ್ಟೆ’ ಅಂತಾರೆ.

ಕನ್ನಡ ಅಥವಾ ತೆಲುಗಿನಲ್ಲಿ ನಡೆಯುವಂಥದ್ದು ಬೇಕು. ಬೀಗ ಹಾಕಿ ಕೂಡಿಹಾಕುವ ಸೆಂಟರ್ ಬೇಡ. ಇನ್ನೊಂದು, ನಮ್ಮದು ಎಲ್ಲರಿಗೆ ಎಲ್ಲರೂ ಗೊತ್ತಿರುವ ಊರು. ಯಾರಾದರೂ ನೋಡಿಬಿಟ್ಟರೆ ಅನ್ನೋ ಅಳುಕು ಇದ್ದೇ ಇದೆ.

ಅಂತರಗಂಗೆ ಮೆಟ್ಟಿಲು

ಬಿಟ್ಟಿದ್ದಕ್ಕೆ ಮೊದಲು ಅಭಿನಂದನೆ ಬ್ರದರ್. ಆದರೆ ಗುಂಪು ಗಿಂಪು ಯಾಕೆ? ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು. ಅಯ್ಯಪ್ಪನ ಮಾಲೆ ಹಾಕಿ. ನಮ್ಮ ಬೀದಿಯಲ್ಲಿ ದಿನಾ ಕುಡಿಯೋರು ಮಾಲೆ ಹಾಕಿದರೆ ಹನಿ ಮುಟ್ಟಲ್ಲ.

ಬಂಗಾರಪೇಟೆ ಲೋಕಲ್

ಮಾಲೆಯ ಮೇಲೆ ನನಗೂ ಭಕ್ತಿ ಇದೆ ಸ್ವಾಮಿ. ಆದರೆ ಮಾಲೆ ತೆಗೆದ ರಾತ್ರಿಯೇ ವೈನ್ ಶಾಪ್ ಮುಂದೆ ನಿಂತವರನ್ನು ನೀವೂ ನೋಡಿರುತ್ತೀರಿ, ಅಲ್ವಾ? ವ್ರತದಲ್ಲಿ ಯಾಕೆ ಸುಲಭ ಆಗುತ್ತೆ ಅಂತ ಯೋಚಿಸಿ. ಬೆಳಗ್ಗೆ ಸಂಜೆ ಭಜನೆ, ಜೊತೆಗೆ ಅದೇ ವ್ರತದ ನಾಲ್ಕು ಜನ, ‘ಸ್ವಾಮಿ’ ಅಂತ ಮರ್ಯಾದೆ ಕೊಡುವ ಬೀದಿ. ಮಾಲೆ ತೆಗೆದ ದಿನ ಆ ನಾಲ್ಕು ಜನ ಅವರವರ ದಾರಿ ಹಿಡಿಯುತ್ತಾರೆ. ಮಂಡಿಲೆಕ್ಕ ಕೇಳುತ್ತಿರುವುದು ಆ ನಾಲ್ಕು ಜನರನ್ನೇ.

ನಾನು ಎಎಗೆ ಹೋಗುವವನು. ಪೂರ್ತಿ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್. ಕೆಲಸ ಬೆಂಗಳೂರಲ್ಲಿ. ಅಲ್ಲಿನ ಕನ್ನಡ ಮೀಟಿಂಗ್ ಮುಗಿಸಿ ರಾತ್ರಿ ಟ್ರೈನಿಗೆ ಊರಿಗೆ ಬರುತ್ತೇನೆ.

ಒಳಗೆ ಏನು ನಡೆಯುತ್ತೆ ಅಂತ ಹೇಳಿಬಿಡುತ್ತೇನೆ, ಹೊರಗೆ ನಿಂತವರಿಗೆ ಅದೇ ಭಯ. ಯಾವುದೋ ಶಾಲೆಯ ಕೊಠಡಿ ಅಥವಾ ಚರ್ಚಿನ ಪಕ್ಕದ ಹಾಲ್. ಒಂದಿಷ್ಟು ಕುರ್ಚಿ, ಟೀ. ಒಬ್ಬರು ತಮ್ಮ ಹೆಸರು ಹೇಳಿ, ನಾನೊಬ್ಬ ಕುಡುಕ ಅಂತ ಶುರು ಮಾಡುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕಲ್ಲ, ಬುದ್ಧಿ ಹೇಳಲ್ಲ. ನಮ್ಮ ಕಡೆ ಕುಡುಕನಿಗೆ ಬುದ್ಧಿ ಹೇಳದವರೇ ಇಲ್ಲ, ಬೀಡಾ ಅಂಗಡಿಯವನೂ ಹೇಳುತ್ತಾನೆ. ಇಲ್ಲಿ ಸುಮ್ನೆ ಕೇಳಿಸಿಕೊಳ್ಳುತ್ತಾರೆ. ಮೊದಲ ದಿನ ನೀವು ಮಾತಾಡಲೇಬೇಕು ಅಂತಿಲ್ಲ. ಊರು, ಜಾತಿ, ಕೆಲಸ, ಸಂಬಳ ಯಾರೂ ಕೇಳಲ್ಲ. ಫೀಸ್ ಇಲ್ಲ. ಕೊನೆಯಲ್ಲಿ ಒಂದು ಡಬ್ಬಿ ಸುತ್ತು ಬರುತ್ತೆ, ಕೈಲಾದರೆ ದುಡ್ಡು ಹಾಕಬಹುದು, ಇಲ್ಲದಿದ್ದರೆ ಪಕ್ಕದವರಿಗೆ ದಾಟಿಸಬಹುದು. ಸೇರಲು ಇರುವ ಷರತ್ತು ಒಂದೇ, ಕುಡಿತ ಬಿಡಬೇಕೆಂಬ ಆಸೆ. ಬಿಟ್ಟಿರಲೇಬೇಕು ಅಂತಲೂ ಇಲ್ಲ.

ಓಪನ್ ಮೀಟಿಂಗಿಗೆ ಹೆಂಡತಿ, ಅಣ್ಣತಮ್ಮಂದಿರು ಯಾರು ಬೇಕಾದರೂ ಬರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಯಾರಾದರೂ ನೋಡಿಬಿಟ್ಟರೆ ಅಂದಿರಿ. ಕ್ಲೋಸ್ಡ್ ಮೀಟಿಂಗಲ್ಲಿ ನಿಮ್ಮನ್ನು ನೋಡುವವನೂ ಅದಕ್ಕೇ ಬಂದಿರುತ್ತಾನೆ ಮಾರಾಯ್ರೆ!

ಹುಡುಕೋದು ಹೀಗೆ. ಎಎ ಭಾರತದ ವೆಬ್‌ಸೈಟಿನಲ್ಲಿ ಸಹಾಯವಾಣಿ ಇದೆ. ಫೋನ್ ಮಾಡಿ ಕೋಲಾರ ಜಿಲ್ಲೆ, ಕನ್ನಡ ಅನ್ನಿ. ಫೋನ್ ಎತ್ತುವವರೂ ಕುಡಿತ ಬಿಟ್ಟವರೇ, ಸಂಕೋಚ ಬೇಡ. ಚಿಕ್ಕ ಊರುಗಳ ಮೀಟಿಂಗ್ ಜಾಗ, ಸಮಯ ಬದಲಾಗುತ್ತಾ ಇರುತ್ತೆ. ಪಟ್ಟಿ ನೋಡಿ ನೇರವಾಗಿ ಹೋಗಿ ಬೀಗ ಕಂಡು ವಾಪಸ್ ಬರಬೇಡಿ, ಮೊದಲು ಕೇಳಿಕೊಳ್ಳಿ.

ವಾರ್ಡ್ ಸಿಸ್ಟರ್

ಇದನ್ನು ಓದುವ ಬೇರೆಯವರಿಗಾಗಿ ಮೊದಲು ಒಂದು ಮಾತು. ಮಂಡಿಲೆಕ್ಕ ಆಸ್ಪತ್ರೆ ಮುಗಿಸಿ ಬಂದಿದ್ದಾರೆ. ಬೆಳಗ್ಗೆ ಎದ್ದ ಕೂಡಲೇ ಹಾಕದಿದ್ದರೆ ಕೈ ನಡುಗುವವರು, ಗುಂಪು ಸಿಕ್ಕಿತು ಅಂತ ಮನೆಯಲ್ಲಿ ದಿಢೀರನೆ ನಿಲ್ಲಿಸಬೇಡಿ. ನಿಲ್ಲಿಸಿದ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಮತಿ ತಪ್ಪಿದಂತಾಗುತ್ತೆ. ಇಲ್ಲದ ಹುಳ ಕಾಣುತ್ತೆ, ಯಾರೋ ಕರೆದಂತೆ ಕೇಳುತ್ತೆ, ಮೈ ಬೆವರುತ್ತೆ, ಜ್ವರ ಏರುತ್ತೆ. ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಿ ಕೂರಬೇಡಿ. ಅದು ಜೀವ ತೆಗೆಯುವ ಸ್ಥಿತಿ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಅಂಗಡಿ ಮುಚ್ಚಿದಾಗ ಹೀಗೆ ಎಷ್ಟೋ ಜನ ಆಸ್ಪತ್ರೆಗೆ ಬಂದರು.

‘ಒಂದು ಗ್ಲೂಕೋಸ್ ಬಾಟಲ್ ಹಾಕಿಸಿ, ಸರಿಹೋಗ್ತಾನೆ’ ಅಂತ ಮನೆಯವರು ಕ್ಲಿನಿಕ್‌ನಲ್ಲಿ ಕೇಳುತ್ತಾರೆ. ಜಾಸ್ತಿ ಕುಡಿಯುವವರ ಮೈಯಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್ ಬತ್ತಿರುತ್ತೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳುವ ಅಪಾಯ ಇದೆ. ಯಾರೇ ಡ್ರಿಪ್ ಹಾಕಲಿ, ಇವರು ಕುಡಿಯುತ್ತಾರೆ ಅನ್ನೋದನ್ನು ಮುಚ್ಚಿಡದೆ ಹೇಳಿ.

ಈಗ ಗುಂಪಿನ ವಿಷಯ. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಎಲ್ಲಿ ಕೂರುತ್ತಾರೆ ಅಂತ ಕೇಳಿ. ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ತಾಲೂಕಿನವರಿಗೆ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ತಾಲೂಕು ಆಸ್ಪತ್ರೆಯಲ್ಲೇ ಇರುತ್ತೆ. ಹೋದಾಗ ಡಾಕ್ಟರನ್ನು ಕೇಳಿ ಸುಮ್ಮನಾಗಬೇಡಿ. ಅವರ ಬಾಗಿಲ ಮುಂದೆ ಐವತ್ತು ಜನ ಕಾಯುತ್ತಿರುತ್ತಾರೆ. ಪಕ್ಕದಲ್ಲಿ ಸೋಶಿಯಲ್ ವರ್ಕರ್ ಅಥವಾ ಕೌನ್ಸೆಲರ್ ಇರುತ್ತಾರೆ, ಅವರನ್ನು ಹಿಡಿಯಿರಿ. ಬಿಟ್ಟು ಗಟ್ಟಿಯಾಗಿ ನಿಂತವರು ಯಾರು, ಯಾರು ಹೊಸಬರ ಜೊತೆ ಮಾತಾಡಲು ಒಪ್ಪುತ್ತಾರೆ ಅನ್ನೋದು ಅವರಿಗೆ ಗೊತ್ತಿರುತ್ತೆ.

ಫೋನ್‌ನಲ್ಲಾದರೆ ಟೆಲಿಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ದಿನದ 24 ಗಂಟೆ, ಉಚಿತ, ಕನ್ನಡವೂ ಇದೆ ತೆಲುಗೂ ಇದೆ. ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ ಬೇರೆ, ಅದು 14446. ಒಂದಂಕಿ ವ್ಯತ್ಯಾಸ, ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಅಂತರಗಂಗೆ ಮೆಟ್ಟಿಲು

ಸಿಸ್ಟರ್, ಕೂತು ಮಾತಾಡಿದರೆ ಚಟ ಬಿಡುತ್ತೆ ಅನ್ನೋದಕ್ಕೆ ಪುರಾವೆ ಏನಾದರೂ ಇದೆಯಾ? ಜಗಳಕ್ಕಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ವಾರ್ಡ್ ಸಿಸ್ಟರ್

ಇದೆ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಎಎ ಬಗ್ಗೆ ಮತ್ತು ಎಎಗೆ ಸೇರಿಸುವ ಚಿಕಿತ್ಸೆಯ ಬಗ್ಗೆ ನಡೆದ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಕ್ರಮಬದ್ಧವಾಗಿ ಎಎಗೆ ಸೇರಿಸಿದ ಚಿಕಿತ್ಸೆ ಬೇರೆ ಚಿಕಿತ್ಸೆಗಳಿಗಿಂತ ಮುಂದಿತ್ತು. ಎಲ್ಲರಿಗೂ ಹಿಡಿಸುತ್ತೆ ಅಂತ ಅದರರ್ಥ ಅಲ್ಲ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆ ಬರೆದಿದ್ದರೆ ಅದನ್ನು ತೆಗೆದುಕೊಳ್ಳುತ್ತಲೇ ಗುಂಪಿಗೂ ಹೋಗಿ. ಗುಂಪಿನಲ್ಲಿ ಯಾರಾದರೂ ಮಾತ್ರೆ ಬಿಡಿ ಅಂದರೆ ಆ ಮಾತು ಕೇಳಬೇಡಿ.

ಇನ್ನು ಮನಸ್ಸು ಗಟ್ಟಿ ಮಾಡಿಕೊಳ್ಳೋದು. ಅಷ್ಟರಿಂದಲೇ ಬಿಡುವಂತಿದ್ದರೆ ಎಂದೋ ಬಿಡುತ್ತಿದ್ದರು. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ಅಂಟಿಕೊಂಡವರಲ್ಲಿ 38ಕ್ಕೆ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರಿಗೆ ಸಿಕ್ಕಿದ್ದು ಮನಸ್ಸು ಗಟ್ಟಿ ಮಾಡ್ಕೊ ಅನ್ನೋ ಮಾತೇ ಇರಬೇಕು.

ನವಜೀವನದ ಅಣ್ಣ

ಯಾರೂ ಹೇಳದ ದಾರಿ ಒಂದಿದೆ. ಧರ್ಮಸ್ಥಳ ಸಂಘದ ತಾಲೂಕು ಆಫೀಸಿಗೆ ಹೋಗಿ ಕೇಳಿ. ಅವರ ಜನಜಾಗೃತಿ ವೇದಿಕೆಯಿಂದ ಊರೂರಲ್ಲಿ ಮದ್ಯವರ್ಜನ ಶಿಬಿರ ಆಗುತ್ತೆ. ಎಂಟು ದಿನ, ಕಲ್ಯಾಣ ಮಂಟಪದಂಥ ಜಾಗದಲ್ಲಿ. ಮಂಡಿಲೆಕ್ಕ ಅವರಿಗೆ ಶಿಬಿರ ಬೇಕಿಲ್ಲದಿರಬಹುದು. ಆದರೆ ಶಿಬಿರ ಮುಗಿಸಿದವರದ್ದು ನವಜೀವನ ಸಮಿತಿ ಅಂತ ಇರುತ್ತೆ, ಬಿಟ್ಟವರು ಅಲ್ಲಿ ಸೇರುತ್ತಾರೆ. ನಿಮಗೆ ಬೇಕಾಗಿರೋದು ಅದೇ ಅಲ್ವಾ? ಭಜನೆ ಇರುತ್ತೆ, ಪ್ರಾರ್ಥನೆ ಇರುತ್ತೆ. ನಾನು ಅಲ್ಲಿಂದಲೇ ಬಿಟ್ಟವನು. ಹೆಂಡತಿ ಸಂಘದ ಸದಸ್ಯೆ, ವಾರದ ಮೀಟಿಂಗಲ್ಲಿ ಹೆಂಗಸರೇ ಮಾತಾಡಿಕೊಂಡು ನಮ್ಮನ್ನೆಲ್ಲ ಶಿಬಿರಕ್ಕೆ ಹೊರಡಿಸಿದರು. ಬೈಕೊಂಡೇ ಹೋಗಿದ್ದೆ.

ಕೆಜಿಎಫ್ ಮಗ

ನನಗೆ ಈ ದೇವರ ಮಾತೇ ಕಷ್ಟ. ಎಎಯವರು ಅನುಸರಿಸುವ 12 ಹೆಜ್ಜೆಯಲ್ಲೂ ದೇವರು, ಶಿಬಿರದಲ್ಲೂ ಭಜನೆ. ನಂಬದವನು ಎಲ್ಲಿಗೆ ಹೋಗಬೇಕು?

ಬಂಗಾರಪೇಟೆ ಲೋಕಲ್

ನ್ಯಾಯವಾದ ಪ್ರಶ್ನೆ. ಹೆಜ್ಜೆಗಳಲ್ಲಿ ‘ನಾವು ಅರ್ಥ ಮಾಡಿಕೊಂಡಂಥ ದೇವರು’ ಅಂತಿದೆ. ನಮ್ಮ ಗುಂಪಲ್ಲಿ ದೇವರನ್ನು ಒಪ್ಪದವರೊಬ್ಬರು ‘ನನಗೆ ಈ ಕೋಣೆಯೇ ಸಾಕು’ ಅಂತ ವರ್ಷಗಳಿಂದ ಬರುತ್ತಿದ್ದಾರೆ. ಅದೂ ಕಿರಿಕಿರಿ ಅನಿಸಿದರೆ ಸ್ಮಾರ್ಟ್ ರಿಕವರಿ ಅಂತ ಇದೆ, ಅದರಲ್ಲಿ ದೇವರ ವಿಷಯ ಇಲ್ಲ. ಆನ್‌ಲೈನ್ ಮೀಟಿಂಗ್ ಇರುತ್ತೆ, ಹೆಚ್ಚಿನವು ಇಂಗ್ಲಿಷ್‌ನಲ್ಲಿ.

ಚಿಂತಾಮಣಿ ರೇಷ್ಮೆ

ಇಲ್ಲೇ ಕೇಳುತ್ತೇನೆ, ಕ್ಷಮಿಸಿ. ನಮ್ಮಪ್ಪನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡುವ ಪುಡಿ ಬರುತ್ತಂತೆ. ಯೂಟ್ಯೂಬಲ್ಲಿ ಜಾಹೀರಾತು ಬರುತ್ತೆ. ಕೊಡಬಹುದಾ?

ವಾರ್ಡ್ ಸಿಸ್ಟರ್

ಬೇಡಪ್ಪ. ದಯವಿಟ್ಟು ಬೇಡ. ಅಂಥ ಪುಡಿಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ. ಡೈಸಲ್ಫಿರಾಮ್ ಅಂತ ನಿಜವಾದ ಮಾತ್ರೆ ಒಂದಿದೆ. ಅದನ್ನು ತೆಗೆದುಕೊಂಡವರು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಕುಸಿಯುತ್ತೆ. ಹೃದಯದ ತೊಂದರೆ ಇದ್ದರೆ ಪ್ರಾಣಕ್ಕೇ ಬರಬಹುದು. ಅದಕ್ಕೇ ರೋಗಿಗೆ ತಿಳಿಸಿ, ಅವರು ಒಪ್ಪಿದ ಮೇಲೆ ಮಾತ್ರ ಕೊಡುತ್ತಾರೆ. ಅಪ್ಪನ ಜೊತೆ ಮಂಗಳವಾರ ತಾಲೂಕು ಆಸ್ಪತ್ರೆಗೆ ಹೋಗಿ. ಕುಡಿತ ಅನ್ನಬೇಡಿ. ನಿದ್ದೆ ಬರಲ್ಲ, ಹೊಟ್ಟೆ ಉರಿ, ತೋರಿಸೋಣ ಬಾಪ್ಪ ಅನ್ನಿ, ಅದಕ್ಕಾದರೆ ಬರುತ್ತಾರೆ. ಅವರು ಬರಲ್ಲ ಅಂದರೆ ನೀವೊಬ್ಬರೇ ಹೋಗಿ ಮಾತಾಡಿ.

ಮುಳಬಾಗಿಲು ದೋಸೆ

ಕೂಡಿಹಾಕುವ ಸೆಂಟರ್ ಬಗ್ಗೆ ಮಂಡಿಲೆಕ್ಕ ಹೆದರಿದ್ದು ಸರಿಯಾಗಿಯೇ ಇದೆ. ನಮ್ಮ ಚಿಕ್ಕಪ್ಪನ ಮಗನನ್ನು ರಾತ್ರೋರಾತ್ರಿ ವ್ಯಾನಿನಲ್ಲಿ ಬಂದು ಎತ್ತಿಕೊಂಡು ಹೋದರು. ಮನೆಯವರೇ ದುಡ್ಡು ಕಟ್ಟಿದ್ದರು. ಹೆಸರು ಬೇಡ. ಮೂರು ತಿಂಗಳು ಯಾರಿಗೂ ನೋಡಲು ಬಿಡಲಿಲ್ಲ. ವಾಪಸ್ ಬಂದವನು ಅದೇ ವಾರ ಕುಡಿದ, ಅಪ್ಪ ಅಮ್ಮನ ಜೊತೆ ಮಾತು ಬಿಟ್ಟ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೊಳಗೆ ಕುಡಿತದಿಂದ ಬರುವ ಕಾಯಿಲೆಯೂ ಸೇರಿದೆ. ಸರಪಳಿ ಹಾಕುವುದು ಪೂರ್ತಿ ನಿಷೇಧ. ರೋಗಿಗೆ ಮನೆಯವರ ಜೊತೆ ಫೋನಲ್ಲಿ ಮಾತಾಡುವ ಹಕ್ಕಿದೆ. ಯಾವುದೇ ಸೆಂಟರಿಗೆ ಸೇರಿಸುವ ಮುಂಚೆ ನೋಂದಣಿ ಆಗಿದೆಯಾ, ಡಾಕ್ಟರ್ ದಿನಾ ಬರುತ್ತಾರಾ, ನಾವು ಯಾವಾಗ ನೋಡಬಹುದು ಅಂತ ಕೇಳಿ. ಮೂರನೆಯದಕ್ಕೆ ಉತ್ತರ ಕೊಡಲು ತಡವರಿಸಿದರೆ ಎದ್ದು ಬನ್ನಿ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ನಡೆಯುವ ಉಚಿತ ಕೇಂದ್ರಗಳೂ ಇವೆ, 14446ಕ್ಕೆ ಕರೆ ಮಾಡಿ ಹತ್ತಿರದ್ದು ಯಾವುದು ಅಂತ ಕೇಳಬಹುದು.

ಶ್ರೀನಿವಾಸಪುರ ಮಾವು

ಹೆಂಗಸರಿಗೆ ಏನಾದರೂ ಇದೆಯಾ? ಕುಡಿಯುವವರ ಹೆಂಡತಿಯರಿಗೆ ಅಲ್ಲ. ನನಗೇ ಕೇಳುತ್ತಿದ್ದೇನೆ.

ವಾರ್ಡ್ ಸಿಸ್ಟರ್

ಇದೆ ಅಕ್ಕ. ಕೇಳಿದ್ದು ಒಳ್ಳೆಯದಾಯಿತು. ಟೆಲಿಮಾನಸ್‌ಗೆ ಫೋನ್ ಮಾಡಿದಾಗ ಹೆಂಗಸರ ಜೊತೆಯೇ ಮಾತಾಡಬೇಕು ಅಂತ ಕೇಳಿ ನೋಡಿ. ಊರಲ್ಲಿ ಬೇಡ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ಪ್ರತ್ಯೇಕ ಕೇಂದ್ರ ಇದೆ, ಅಲ್ಲಿ ಗುರುತಿನವರ ಕಾಟ ಇರಲ್ಲ. ನೀವು ದಿನಾ ತೆಗೆದುಕೊಳ್ಳುತ್ತಿದ್ದರೆ ನಾನು ಮೇಲೆ ಬರೆದ ಫಿಟ್ಸ್ ವಿಷಯ ನಿಮಗೂ ಅನ್ವಯಿಸುತ್ತೆ. ಹೆಂಗಸರ ಲಿವರ್ ಕಡಿಮೆ ಕುಡಿತಕ್ಕೇ ಕೆಡುತ್ತೆ, ಮುಂದೂಡಬೇಡಿ.

ಬಂಗಾರಪೇಟೆ ಲೋಕಲ್

ಎಎಯಲ್ಲಿ ಹೆಂಗಸರೂ ಇದ್ದಾರೆ. ಹೆಂಗಸರಿಗೇ ಇರುವ ಆನ್‌ಲೈನ್ ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಸುಮ್ನೆ ಕೇಳಬಹುದು. ಸಹಾಯವಾಣಿಯಲ್ಲಿ ಕೇಳಿದರೆ ಹೆಂಗಸರೊಬ್ಬರಿಂದಲೇ ವಾಪಸ್ ಫೋನ್ ಮಾಡಿಸಲು ನೋಡುತ್ತಾರೆ.

ನಿರ್ವಾಹಕರು

ಈ ಎಳೆಯಲ್ಲಿ ಯಾರೂ ಸ್ವಂತ ಫೋನ್ ನಂಬರ್ ಹಾಕಬೇಡಿ. ಸಾರ್ವಜನಿಕ ಸಹಾಯವಾಣಿ ನಂಬರ್‌ಗಳಿಗೆ ಅಡ್ಡಿಯಿಲ್ಲ. ಕೆಳಗೆ ಒಬ್ಬರು ‘ಹೆಂಗಸರೂ ಶುರು ಹಚ್ಕೊಂಡ್ರಾ’ ಅಂತ ಬರೆದಿದ್ದನ್ನು ತೆಗೆದುಹಾಕಿದ್ದೇವೆ.

ಮಂಡಿಲೆಕ್ಕ

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಸಿಸ್ಟರ್ ಹೇಳಿದಂತೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಸೋಶಿಯಲ್ ವರ್ಕರ್ ಮೇಡಂ ಅವರನ್ನು ಹುಡುಕಿದೆ. ಅವರು ನನ್ನೆದುರೇ ಒಬ್ಬರಿಗೆ ಫೋನ್ ಮಾಡಿ, ನಂಬರ್ ಕೊಡಬಹುದಾ ಅಂತ ಕೇಳಿ ಆಮೇಲೆ ಕೊಟ್ಟರು. ವಯಸ್ಸಾದವರು, ಹಿಂದೆ ಲಾರಿ ಡ್ರೈವರ್. 2007ರಲ್ಲಿ ಸಾರಾಯಿ ನಿಷೇಧ ಆಗುವ ಮುಂಚಿನ ಪ್ಯಾಕೆಟ್ ಕಾಲದಿಂದ ಕುಡಿದವರು. ಎಎ ಸಹಾಯವಾಣಿಗೂ ಫೋನ್ ಮಾಡಿದೆ, ಭಾನುವಾರದ ಮೀಟಿಂಗ್ ಒಂದರ ವಿವರ ಸಿಕ್ಕಿತು. ಆದರೆ ನಮ್ಮೂರಿಂದ ಬಸ್ ಬದಲಾಯಿಸಿ ಹೋಗಬೇಕು. ಭಾನುವಾರ ಹೋಗಬಹುದು. ವಾರದ ಮಿಕ್ಕ ಸಂಜೆಗಳಿಗೆ ಏನು ಮಾಡೋದು?

ಬಂಗಾರಪೇಟೆ ಲೋಕಲ್

ಆ ಡ್ರೈವರ್ ಅಣ್ಣ ಇದ್ದಾರಲ್ಲ. ನೀವಿಬ್ಬರು ಕೂತರೆ ಅದೇ ಗುಂಪು. ತಮಾಷೆಗೆ ಹೇಳುತ್ತಿಲ್ಲ, ಕುಡಿತ ಬಿಡಲು ಇಬ್ಬರೋ ಮೂವರೋ ಸೇರಿದರೂ ಎಎ ಗುಂಪು ಅನ್ನಿಸಿಕೊಳ್ಳಬಹುದು ಅಂತ ಎಎಯ ಸಂಪ್ರದಾಯದಲ್ಲೇ ಇದೆ. ಎಎ ಶುರುವಾದದ್ದೂ ಹಾಗೆಯೇ. 1935ರಲ್ಲಿ ಬಿಲ್ ಅನ್ನುವ ನ್ಯೂಯಾರ್ಕಿನ ಷೇರು ವ್ಯವಹಾರದವನು ಕೆಲಸದ ಮೇಲೆ ಅಮೆರಿಕದ ಏಕ್ರನ್ ಅನ್ನುವ ಊರಿಗೆ ಹೋಗಿದ್ದ. ಕೆಲಸ ಕೆಟ್ಟಿತು. ಹೋಟೆಲಲ್ಲಿ ಒಬ್ಬನೇ ಇದ್ದ, ಪಕ್ಕದಲ್ಲೇ ಬಾರ್. ಅವನು ಫೋನ್ ಹಿಡಿದು ಚರ್ಚಿನವರಿಗೆ ಕರೆ ಮಾಡಿ, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಅಂತ ಕೇಳಿದ. ಸಿಕ್ಕಿದವನು ಬಾಬ್ ಅನ್ನುವ ಸರ್ಜನ್. ಆ ಡಾಕ್ಟರ್ ಕೊನೆಯ ಸಲ ಕುಡಿದ ದಿನ ಅಂತ ಹೇಳುವ ಜೂನ್ 10ನ್ನೇ ಎಎ ಹುಟ್ಟಿದ ದಿನ ಅಂತ ಲೆಕ್ಕ ಇಟ್ಟಿದ್ದಾರೆ. ಬಿಲ್ ಆ ಡಾಕ್ಟರನ್ನು ಉದ್ಧಾರ ಮಾಡಲು ಹೋಗಿರಲಿಲ್ಲ, ಆ ಸಂಜೆ ತಾನು ಕುಡಿಯದೆ ಉಳಿಯಬೇಕಿತ್ತು. ನೀವು ಫೋನ್ ಮಾಡಿದರೆ ಡ್ರೈವರ್ ಅಣ್ಣನಿಗೆ ತೊಂದರೆ ಕೊಟ್ಟಂತಾಗುತ್ತೆ ಅಂತ ಹಿಂಜರಿಯಬೇಡಿ. ಅವರಿಗೂ ಆ ಫೋನ್ ಬೇಕು.

ಆರರ ಹೊತ್ತಿಗೆ ಮಂಡಿಯಲ್ಲೇ ಏನಾದರೂ ತಿಂದುಬಿಡಿ. ಹಸಿದಾಗ, ಸಿಟ್ಟು ಬಂದಾಗ, ಒಬ್ಬನೇ ಇದ್ದಾಗ, ದಣಿದಾಗ, ಈ ನಾಲ್ಕರಲ್ಲೇ ನಮ್ಮಂಥವರು ಜಾರುವುದು. ನಿಮ್ಮ ಕೆಲಸದಲ್ಲಿ ಸಂಜೆ ನಾಲ್ಕೂ ಒಟ್ಟಿಗೆ ಬರುತ್ತೆ.

ನವಜೀವನದ ಅಣ್ಣ

ಕೂಲಿ ಹಂಚುವ ಕೆಲಸ ಬೇರೆಯವರಿಗೆ ಕೊಡಲು ಸಾಹುಕಾರರನ್ನು ಕೇಳಿ ನೋಡಪ್ಪ. ಕೈಯಲ್ಲಿ ನಗದು, ಸುತ್ತ ಹೊರಟು ನಿಂತವರು, ಅದಕ್ಕಿಂತ ಕೆಟ್ಟ ಹೊತ್ತಿಲ್ಲ. ಕಾರಣ ಹೇಳಬೇಕಿಲ್ಲ, ಡಾಕ್ಟರ್ ಬೇಗ ಮನೆಗೆ ಹೋಗು ಅಂದಿದ್ದಾರೆ ಅಂದರೆ ಸಾಕು.

ಮಂಡಿಲೆಕ್ಕ

ಕೇಳಿದೆ ಅಣ್ಣ. ಸಾಹುಕಾರರು ‘ಅಷ್ಟೇನಾ’ ಅಂದುಬಿಟ್ಟರು. ಈಗ ಐದೂವರೆಗೆ ಬಿಡುತ್ತೇನೆ. ಡ್ರೈವರ್ ಅಣ್ಣ ಸಂಜೆ ಬಸ್‌ಸ್ಟ್ಯಾಂಡ್ ಹತ್ತಿರ ಟೀ ಕುಡಿಯಲು ಬರುತ್ತಾರೆ. ಜಾಸ್ತಿ ಮಾತಾಡುವವರಲ್ಲ. ಅವರಿಗೆ ಗೊತ್ತಿರುವ ಇನ್ನೊಬ್ಬರು ಮಾಲೂರಿಂದ ಶನಿವಾರ ಬರುತ್ತಾರಂತೆ.

ಇನ್ನೊಂದು ಕೇಳಬೇಕಿತ್ತು. ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ನಮ್ಮ ಮನೆಯಲ್ಲಿ ತಾತನಿಗೆ ಎಡೆ ಇಡುವಾಗ ಬ್ರಾಂದಿ ಇಡುವ ಪದ್ಧತಿ. ಹಿರಿಮಗ ಅಂತ ನಾನೇ ಇಡಬೇಕು, ಆಮೇಲೆ ಪ್ರಸಾದ ಅಂತ ಎಲ್ಲರೂ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ ಬೇಡ ಅನ್ನೋದು ಹೇಗೆ?

ಶ್ರೀನಿವಾಸಪುರ ಮಾವು

ನಮ್ಮನೆಯಲ್ಲೂ ಇಡುತ್ತಾರೆ. ಅಮ್ಮನಿಗೆ ಈಗಲೇ ಹೇಳಿ, ಹಬ್ಬದ ದಿನ ಹೇಳಬೇಡಿ. ಆವತ್ತು ನೆಂಟರೆದುರು ಮಾತು ಬೆಳೆಯುತ್ತೆ. ತಮ್ಮನ ಕೈಯಲ್ಲಿ ಇಡಿಸಿ. ಬಾಟಲ್ ಅವನೇ ತರಲಿ, ಮಿಕ್ಕಿದ್ದನ್ನು ಅವನೇ ಮನೆಯಿಂದ ಹೊರಗೆ ತೆಗೆದುಕೊಂಡು ಹೋಗಲಿ. ನೀವು ಕೈಮುಗಿದು ಊಟಕ್ಕೆ ಕೂತುಬಿಡಿ.

ನಾನು 14416ಕ್ಕೆ ಫೋನ್ ಮಾಡಿದೆ ಸಿಸ್ಟರ್. ಹೆಂಗಸರೇ ಸಿಕ್ಕರು. ಗುರುವಾರ ನಿಮ್ಹಾನ್ಸ್‌ಗೆ ಹೋಗುತ್ತಿದ್ದೇನೆ, ಜೊತೆಗೆ ಅಕ್ಕ ಬರುತ್ತಾಳೆ. ಬೆಳಗ್ಗೆ ಎಷ್ಟು ಹೊತ್ತಿಗೆ ಅಲ್ಲಿರಬೇಕು?

ವಾರ್ಡ್ ಸಿಸ್ಟರ್

ಮೊದಲ ಬಸ್ಸಿಗೇ ಹೊರಡಿ, ಚೀಟಿ ಮಾಡಿಸುವ ಸಾಲು ಬೇಗ ಬೆಳೆಯುತ್ತೆ. ಆಧಾರ್, ಹಳೆಯ ರಿಪೋರ್ಟ್ ಇದ್ದರೆ ಅದು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ ಎಲ್ಲ ಜೊತೆಗಿರಲಿ. ಡಾಕ್ಟರನ್ನು ನೋಡೋವರೆಗೆ ದಿಢೀರನೆ ನಿಲ್ಲಿಸಬೇಡಿ, ಜಾಸ್ತಿಯೂ ಮಾಡಬೇಡಿ. ಫಿಟ್ಸ್ ಬಂದರೆ ಅಥವಾ ಮಾತು ತಡವರಿಸಿದರೆ ಗುರುವಾರದವರೆಗೆ ಕಾಯದೆ 108ಕ್ಕೆ ಕರೆ ಮಾಡಿ. ಅಕ್ಕನಿಗೂ ಇದನ್ನು ಹೇಳಿಟ್ಟಿರಿ.